ಸನ್ಮಾನದ ಪಟ್ಟಿಗೆ ಗ್ರಾಮಸೇವಕರ ಹೆಸರೂ ಸೇರಲಿ

ಅಮೆರಿಕ ಸರ್ಕಾರ ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಯೋಜನೆಯಲ್ಲಿ ಭಾರತಕ್ಕೆ ಬಂದು ಕೆಲಸ ಮಾಡಿ ಹೋದವರು ಅಮೆರಿಕದಲ್ಲಿ ಒಟ್ಟು ಸೇರಿದಾಗ ತಮ್ಮ ಸಹೋದ್ಯೋಗಿಗಳನ್ನು ಗೌರವಿಸುವುದು ಒಳ್ಳೆಯ ಕೆಲಸ. ಆದರೆ ಸಹೋದ್ಯೋಗಿ ಅಂದರೆ ಒಂದೇ ವಿಮಾನದಲ್ಲಿ ಬಂದಿಳಿದವರು ಮಾತ್ರವೇ? ಬ್ಲಾಕ್ ಕಚೇರಿಯ ಗ್ರಾಮಸೇವಕ, ಶಾಲೆಯ ಮೇಷ್ಟ್ರು, ಆಸ್ಪತ್ರೆಯ ನರ್ಸ್ ಇವರೆಲ್ಲ ಯಾರು? ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಿಂದ 68ರವರೆಗೆ ಮುಂಬಯಿಯ ವಿಕ್ರೋಲಿಯ ಕ್ಲಿನಿಕ್ಕಿನಲ್ಲಿ ಸೇವೆ ಮಾಡಿದ್ದು ಬಹಳ ಜನಕ್ಕೆ ಗೊತ್ತು. ಅದೇ ಕ್ಲಿನಿಕ್ಕಿನಲ್ಲಿ ಅವರ ಜತೆ ದುಡಿದ ಸಿಬ್ಬಂದಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಇದನ್ನು ಈಗಲೇ ಹೇಳಬೇಕು. ಮೊದಲ ತಂಡ ಪಂಜಾಬಿಗೆ ಬಂದದ್ದು 1961ರ ಡಿಸೆಂಬರಿನಲ್ಲಿ, ಭಾರತದ ಕಾರ್ಯಕ್ರಮ ನಿಂತದ್ದು 1976ರಲ್ಲಿ. ಕಾಲೇಜು ಮುಗಿಸಿ ನೇರ ಬಂದ ಹುಡುಗರಲ್ಲಿ ಕೊನೆಯವರಿಗೂ ಈಗ ಎಪ್ಪತ್ತು ದಾಟಿದೆ. ಅವರ ಜತೆ ಹಳ್ಳಿ ಸುತ್ತಿದ ನಮ್ಮವರಲ್ಲಿ ಅನೇಕರು ಆಗಲೇ ಸಂಸಾರಸ್ಥರು. ಮುಂದಿನ ಸಲ ನೋಡೋಣ ಎನ್ನುವಷ್ಟು ಸಮಯ ಯಾರ ಬಳಿಯೂ ಇಲ್ಲ.

ಕೆಲಸ ಶುರುವಾಗಬೇಕಾದ್ದು ಪಟ್ಟಿಯಿಂದ. ಸಾಮಾನ್ಯವಾಗಿ ಸಂಘಟಕರು ಸೇವೆಯ ಎರಡು ವರ್ಷ ಪೂರೈಸಿದವರ ಪಟ್ಟಿ ಹಿಡಿದು ಕೂರುತ್ತಾರೆ. ಅದು ಸಾಲದು. ತರಬೇತಿಗೆ ಸೇರಿದ ಮೊದಲ ದಿನದ ಪಟ್ಟಿ ಬೇಕು. ಅರವತ್ತರ ದಶಕದಲ್ಲಿ ತರಬೇತಿಯ ನಡುವೆಯೇ ಎಷ್ಟೋ ಜನರನ್ನು 'ಡಿಸೆಲೆಕ್ಟ್' ಮಾಡಿ, ಅಂದರೆ ಆಯ್ಕೆಯಿಂದ ಕೈಬಿಟ್ಟು, ಮನೆಗೆ ಕಳಿಸುತ್ತಿದ್ದರು. ಕಾಯಿಲೆ ಬಿದ್ದು ಅರ್ಧಕ್ಕೆ ಮರಳಿದವರಿದ್ದಾರೆ, ಮನೆಯ ಕಷ್ಟಕ್ಕೆ ಹೋದವರಿದ್ದಾರೆ. ಅವರನ್ನು ಬಿಟ್ಟು ಮಾಡಿದ ಸನ್ಮಾನ ನನಗಂತೂ ಸರಿ ಕಾಣುವುದಿಲ್ಲ. ಆ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಅಂಕಣ ಹಾಕಿ, ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕಳಿಸಿ: ನಿಮ್ಮ ಜತೆ ದಿನವೂ ಕೆಲಸ ಮಾಡಿದವರು ಯಾರು, ಯಾವ ಊರು, ಯಾವ ಹುದ್ದೆ?

ತೊಡಕು ಬರುವುದು ಇಲ್ಲೇ. ಮನೆಗೆ ಬರೆದ ಹಳೆಯ ಪತ್ರಗಳಲ್ಲಿ 'ಮೇಷ್ಟ್ರು', 'ಗೌಡ್ರು', 'ಡಾಕ್ಟರ್' ಅಂತಷ್ಟೇ ಇರುತ್ತದೆ, ಹೆಸರೇ ಇರುವುದಿಲ್ಲ. ಹೆಸರಿದ್ದರೂ ಇಂಗ್ಲಿಷಿನಲ್ಲಿ ಬರೆದದ್ದು ನಾಗರಾಜನೋ ನಾಗರಾಜುವೋ ನಾಗರಾಜಪ್ಪನೋ ತಿಳಿಯದು. ಒಂದೇ ಊರಿನಲ್ಲಿ ಮೂವರೂ ಇರಬಹುದು. ಇನಿಷಿಯಲ್, ತಂದೆಯ ಹೆಸರು, ಊರು, ಹುದ್ದೆ, ಇಸವಿ ಈ ಐದರಲ್ಲಿ ಕನಿಷ್ಠ ಮೂರು ಹೊಂದುವ ತನಕ ಹೆಸರು ಅಚ್ಚಿಗೆ ಹೋಗಬಾರದು. ಹುಡುಕುವುದಕ್ಕೆ ಪತ್ರಕ್ಕಿಂತ ಫೋಟೊ ಬೇಗ ಕೆಲಸ ಮಾಡುತ್ತದೆ. ಆಗಿನ ಒಂದು ಗುಂಪು ಫೋಟೊವನ್ನು ಊರಿನ ವಾಟ್ಸಾಪ್ ಗುಂಪಿಗೆ ತಲುಪಿಸಿ, 'ಇವರು ಯಾರ ಮನೆಯವರು?' ಅಂತ ಕೇಳಿದರೆ ಸಾಕು. ನಮ್ಮ ಊರುಗಳಲ್ಲಿ ಮುಖ ನೋಡಿ ಮನೆತನ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ.

ಆ ಕಾಲದ ಫೋಟೊಗಳು ಬಹುಪಾಲು 35 ಮಿ.ಮೀ. ಸ್ಲೈಡುಗಳು, ಅಂದರೆ ಬೆಳಕು ಹಾಯಿಸಿ ಪರದೆಯ ಮೇಲೆ ತೋರಿಸುವ ಫಿಲಂ ತುಣುಕುಗಳು. 2400 ಡಿಪಿಐಯಲ್ಲಿ (ಇಂಚಿಗೆ 2400 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸುಮಾರು 3400×2270 ಪಿಕ್ಸೆಲ್ ಬರುತ್ತದೆ, ಸಭೆಯ ಪರದೆಗೆ ಧಾರಾಳ. ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ತೆಗೆಯಿರಿ, ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ. ಕತ್ತಲಲ್ಲಿಟ್ಟ ಕೊಡಾಕ್ರೋಮ್ ಫಿಲಂ ಬಣ್ಣ ಉಳಿಸಿಕೊಂಡಿರುತ್ತದೆ, ಆಗಿನ ಎಕ್ಟಾಕ್ರೋಮ್ ಫಿಲಂ ಕೆಂಪಿಗೆ ತಿರುಗಿರುತ್ತದೆ. ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ ಸ್ಕ್ಯಾನ್ ಮಾಡಬೇಡಿ. ರಟ್ಟಿನ ಚೌಕಟ್ಟಿನ ಮೇಲೆ ಒತ್ತಿದ ತಿಂಗಳು, ಇಸವಿ ಫಿಲಂ ತೊಳೆದ ಕಾಲದ್ದು, ಫೋಟೊ ತೆಗೆದ ಕಾಲದ್ದಲ್ಲ. ಈ ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಇರಬಹುದು. ಶೀರ್ಷಿಕೆ ಬರೆಯುವಾಗ ಬಹಳ ಜನ ಎಡವುವುದು ಇದರಲ್ಲೇ.

ಇನ್ನು ತೀರಿಹೋದವರ ಹೆಸರು ಓದುವುದು. ಹೆಸರು, ತಂಡ, ಕೆಲಸ ಮಾಡಿದ ಊರು, ಒಂದು ಉಸಿರಿನ ವಿರಾಮ: ತಲಾ ಏಳು ಸೆಕೆಂಡು. ಅರವತ್ತು ಹೆಸರಿಗೆ ಏಳು ನಿಮಿಷ. ಇಬ್ಬರು ಸರದಿಯಲ್ಲಿ ಓದಿದರೆ ದನಿ ಸೋಲುವುದಿಲ್ಲ. ಭಾರತದ ಹೆಸರುಗಳನ್ನು ಆ ಭಾಷೆ ಬಲ್ಲವರಿಂದ ಹೇಳಿಸಿ, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಅಭ್ಯಾಸ ಮಾಡಿ. ಎಲ್ಲಕ್ಕಿಂತ ದೊಡ್ಡ ಅನಾಹುತ ಅಂದರೆ ಬದುಕಿರುವವರ ಹೆಸರು ಓದಿಬಿಡುವುದು. 'ವಿಳಾಸ ಸಿಕ್ಕಿಲ್ಲ' ಮತ್ತು 'ತೀರಿಕೊಂಡರು' ಎರಡನ್ನೂ ಪಟ್ಟಿಯ ಒಂದೇ ಅಂಕಣದಲ್ಲಿ ತುಂಬಿದರೆ ಇದು ಆಗಿಯೇ ಆಗುತ್ತದೆ. ಮನೆಯವರ ಮಾತು ಅಥವಾ ಅಚ್ಚಾದ ನಿಧನವಾರ್ತೆ ಇಲ್ಲದೆ ಯಾರ ಹೆಸರನ್ನೂ ಅತ್ತ ಸರಿಸಬಾರದು.

ಎಂಬತ್ತು ದಾಟಿದ ನಮ್ಮವರನ್ನು ಅಮೆರಿಕಕ್ಕೆ ಕರೆಸಲು ವೀಸಾ ಸಂದರ್ಶನಕ್ಕೆ ಅಲೆಸುವುದಕ್ಕಿಂತ ವಿಡಿಯೊ ಕರೆ ವಾಸಿ. ಆದರೆ ಸನ್ಮಾನವನ್ನು ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳುವ ಅಭ್ಯಾಸ ಬಿಡಬೇಕು. ಬೇಸಿಗೆಯಲ್ಲಿ ವಾಷಿಂಗ್ಟನ್‌ನ ಸಂಜೆ 7 ಗಂಟೆ ಇಲ್ಲಿ ಮರುದಿನ ಬೆಳಗಿನ ಜಾವ 4.30. ಅಲ್ಲಿ ಬೆಳಿಗ್ಗೆ 9ಕ್ಕೆ ಇಟ್ಟರೆ ಇಲ್ಲಿ ಸಂಜೆ 6.30, ಮೊಮ್ಮಕ್ಕಳೂ ಮನೆಯಲ್ಲಿರುತ್ತಾರೆ, ಫೋನ್ ಹಿಡಿಯಲು ಜನ ಸಿಗುತ್ತಾರೆ.

ಆ ಸಹೋದ್ಯೋಗಿಗಳ ಊರಿನ ಶಾಲೆಗೆ ದುಡ್ಡು ಕೂಡಿಸುವವರು ಘೋಷಣೆ ಮಾಡುವ ಮುಂಚೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಾದ ಎಫ್‌ಸಿಆರ್‌ಎ ನೋಡಿಕೊಳ್ಳಿ. ಶಾಲೆ ನಡೆಸುವ ಟ್ರಸ್ಟಿಗೆ ಅದರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದಿದ್ದರೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಇದ್ದರೂ ಹಣ ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇರುವ ಬೇರೆ ಸಂಸ್ಥೆಯ ಮೂಲಕ ದಾಟಿಸೋಣ ಅಂದರೆ 2020ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿದೆ. ವೇದಿಕೆಯಲ್ಲಿ ಮಾತು ಕೊಟ್ಟು ಆಮೇಲೆ ಊರಿನವರನ್ನು ಕಾಯಿಸುವುದು ಗೌರವವಲ್ಲ.

ಹಿತ್ತಾಳೆ ಫಲಕಕ್ಕಿಂತ ಆ ಹಳೆಯ ಫೋಟೊದ ದೊಡ್ಡ ಪ್ರಿಂಟೇ ಒಳ್ಳೆಯ ಉಡುಗೊರೆ. ಚೌಕಟ್ಟು ಇಲ್ಲೇ ಹಾಕಿಸಿ, ಅಂಚೆಯಲ್ಲಿ ಗಾಜು ಒಡೆಯುತ್ತದೆ. ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು, ಊರು, ಇಸವಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಪೀಸ್ ಕೋರ್ ಸಮುದಾಯದ ದಾಖಲೆಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಅದೇ ಹೆಸರುಗಳ ಸಮೇತ ಒಂದು ಪ್ರತಿ ಅಲ್ಲಿಗೂ ಹೋಗಲಿ.