ಕಳಿಂಗದಲ್ಲಿ ಕೆತ್ತದೆ ಬಿಟ್ಟ ಪಶ್ಚಾತ್ತಾಪ

"ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ." ಈ ಸಾಲು ಎಲ್ಲೆಂದರಲ್ಲಿ ಕಣ್ಣಿಗೆ ಬೀಳುತ್ತದೆ. ನೋವಾದದ್ದು ಯಾರಿಗೆ, ಎಷ್ಟು, ಮಾಡಿದವರು ಯಾರು? ಒಂದಕ್ಕೂ ಉತ್ತರವಿಲ್ಲ. "ಆಗಿದ್ದರೆ" ಎಂದು ಸೇರಿಸಿದ ಕೂಡಲೇ ತಪ್ಪು ನಡೆದದ್ದೇ ಅನುಮಾನ ಎಂದಾಗುತ್ತದೆ.

ಇದರ ಪಕ್ಕದಲ್ಲಿ ಅಶೋಕನ 13ನೇ ಬಂಡೆ ಶಾಸನವನ್ನಿಟ್ಟು ಓದಿ. ಅದು ಶುರುವಾಗುವುದೇ ಲೆಕ್ಕದಿಂದ. ಪಟ್ಟಾಭಿಷೇಕವಾಗಿ 8 ವರ್ಷಕ್ಕೆ ಕಳಿಂಗವನ್ನು, ಅಂದರೆ ಈಗಿನ ಒಡಿಶಾದ ಕಡೆಯ ನಾಡನ್ನು, ಗೆದ್ದದ್ದು, 1.5 ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ್ದು, 1 ಲಕ್ಷ ಜನ ಅಲ್ಲೇ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು. ಅಂಕಿ ಎಷ್ಟು ನಿಖರ ಎಂಬುದು ಬೇರೆ ಚರ್ಚೆ. ಗೆದ್ದವನೇ ಅದನ್ನು ಕಲ್ಲಿನಲ್ಲಿ ಬರೆಸಿದ ಎಂಬುದು ನನಗೆ ದೊಡ್ಡದು. ಆಮೇಲೆ ನೊಂದವರ ಸರದಿ: ಬ್ರಾಹ್ಮಣರು, ಶ್ರಮಣರು, ಗೃಹಸ್ಥರು. ತಮಗೇನೂ ಆಗದಿದ್ದರೂ ಗೆಳೆಯರಿಗೆ, ನಂಟರಿಗೆ ಆದ ಕೇಡಿನಿಂದ ಬೆಂದವರನ್ನೂ ಅವನು ಬಿಟ್ಟಿಲ್ಲ. ಯುದ್ಧದ ಲೆಕ್ಕದಲ್ಲಿ ಇವರನ್ನು ಎಣಿಸುವವರು ಇವತ್ತಿಗೂ ಕಡಿಮೆ. ಒಂದೇ ಶಾಸನವನ್ನು ಹಲವು ಕಡೆ ಕೆತ್ತಿಸಿದ್ದ; ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯ ಪಾಠದಲ್ಲಿ ತನ್ನ ಸಂಕಟಕ್ಕೆ ಅವನು ಬಳಸಿದ ಮಾತು "ಅನುಸೋಚನ", ಅಂದರೆ ಮಾಡಿದ್ದಕ್ಕೆ ಮರುಗುವುದು. ಅಂದು ನೊಂದವರ ನೂರನೇ ಒಂದು ಪಾಲು, ಸಾವಿರದಲ್ಲೊಂದು ಪಾಲು ಜನಕ್ಕೆ ಈಗ ಹಾಗಾದರೂ ಅದು ತನಗೆ ಭಾರ ಎನ್ನುತ್ತಾನೆ.

ಕೊರತೆಯೂ ಅಲ್ಲೇ ಇದೆ. ಸಾಗಿಸಿದ ಒಂದೂವರೆ ಲಕ್ಷ ಜನರನ್ನು ವಾಪಸು ಕಳಿಸುವ ಮಾತಿಲ್ಲ. ಕಾಡಿನವರಿಗೆ, ಪರಿತಾಪದಲ್ಲೂ ತನಗೆ ಬಲವಿದೆ ಎಂಬ ಎಚ್ಚರಿಕೆ ಬೇರೆ.

ಎಲ್ಲಕ್ಕಿಂತ ಚುಚ್ಚುವ ಸಂಗತಿ ಇನ್ನೊಂದು. ಈ ಶಾಸನ ದೂರದ ಶಹಬಾಜ್‌ಗಢಿಯಲ್ಲಿದೆ, ಗುಜರಾತಿನ ಗಿರ್ನಾರ್‌ನಲ್ಲಿದೆ. ಕಳಿಂಗದ್ದೇ ನೆಲವಾದ ಧೌಲಿ, ಜೌಗಡಗಳಲ್ಲಿ ಇಲ್ಲ! ಅಲ್ಲಿ 11ರಿಂದ 13ರವರೆಗಿನ ಶಾಸನ ಬಿಟ್ಟು, ಬದಲಿಗೆ ಎರಡು ಪ್ರತ್ಯೇಕ ಶಾಸನ ಕೆತ್ತಿಸಿದ್ದಾರೆ.

ಆ ಪ್ರತ್ಯೇಕ ಶಾಸನಗಳಲ್ಲಿ ಅಳಲು ಇಲ್ಲ, ಕೆಲಸವಿದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಹೇಳಿ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳಿಗೆ ಆಜ್ಞೆ. ಅವರು ಎಡವುವುದು ಯಾತರಿಂದ ಎಂಬುದನ್ನೂ ಬರೆಸಿದ್ದಾನೆ: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ತಿಷ್ಯ, ಅಂದರೆ ಪುಷ್ಯ, ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು. ನಡುವೆಯೂ, ಒಬ್ಬನೇ ಇದ್ದರೂ ಕೇಳಿಸಬಹುದು. ಐದು ವರ್ಷಕ್ಕೊಮ್ಮೆ ತಪಾಸಣೆಗೆ ಅಧಿಕಾರಿ ಬರುತ್ತಾನೆ. ಉಜ್ಜಯಿನಿ, ತಕ್ಷಶಿಲೆಗಳಿಂದ ಕಳಿಸುವುದಾದರೆ ಮೂರು ವರ್ಷ ಮೀರುವಂತಿಲ್ಲ.

ನೊಂದವರಿಗೆ ಆಡಳಿತದ ಸುಧಾರಣೆ ಸಿಕ್ಕಿತು, "ನಾನು ಮಾಡಿದೆ" ಎಂಬ ಮಾತು ಸಿಗಲಿಲ್ಲ. ಆ ಮಾತು ಊರೂರು ತಿರುಗಿ ಸಂಬಂಧವಿಲ್ಲದವರ ಕಿವಿಗೆ ಬಿತ್ತು. ಗಾಯದ ಮೇಲೆ ಉಪ್ಪು ಬೇಡ ಎಂಬ ಅಂತಃಕರಣವೋ, ಸೋತವರ ಮುಂದೆ ತಲೆ ತಗ್ಗಿಸಬಾರದೆಂಬ ರಾಜನೀತಿಯೋ, ಕಲ್ಲು ಹೇಳುವುದಿಲ್ಲ. ನನಗಂತೂ ಎರಡನೆಯದೇ ನಿಜ ಅನ್ನಿಸುತ್ತದೆ.

ಕಥೆಗಳಲ್ಲಿ ಈ ಪೇಚು ಬರುವುದು ಕಡಿಮೆ. ಗೋವಿನ ಹಾಡಿನ ಹುಲಿ ನಾಚಿ, ಮರುಗಿ, ಪ್ರಾಣವನ್ನೇ ಬಿಡುತ್ತದೆ. ಕೇಳುವವರ ಗಂಟಲು ಕಟ್ಟುತ್ತದೆ, ಕಥೆಯೂ ಮುಗಿಯುತ್ತದೆ. ಕಥೆ ಬರೆಯುವವರು ತಪ್ಪು ಮಾಡಿದವನನ್ನು ಸಾಯಿಸಿ ಮುಗಿಸುವುದು ಇದಕ್ಕೇ, ಸತ್ತವನು ಮರುದಿನ ಬೆಳಿಗ್ಗೆ ಎದ್ದು ನೊಂದವರ ಮನೆ ಬಾಗಿಲು ತಟ್ಟಬೇಕಿಲ್ಲ. ಬದುಕಿರುವವನು ತಟ್ಟಬೇಕು. ಬರೆಯುವುದಾದರೆ ಆ ಬೆಳಿಗ್ಗೆಯನ್ನು ಬರೆಯಿರಿ: ಬಾಗಿಲಲ್ಲಿ ನಿಂತವನ ಮೊದಲ ವಾಕ್ಯ ಯಾವುದು, ತಂದದ್ದೇನು, ಒಳಗಿನವರು ಬಾಗಿಲು ತೆಗೆಯದಿದ್ದರೆ ಎಷ್ಟು ಹೊತ್ತು ನಿಲ್ಲುತ್ತಾನೆ.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯಲ್ಲಿ ಪೀಠಕ್ಕೆ ಬಳಸಿದ್ದ ಅಶೋಕನ ಕಲ್ಲೊಂದು ಸಿಕ್ಕಿತು. ಕಳಿಂಗದ ಆ ಎರಡು ಪ್ರತ್ಯೇಕ ಶಾಸನಗಳು ಅದರಲ್ಲೂ ಇವೆ. 12ನೆಯದಿದೆ, 14ನೆಯದಿದೆ. ನಡುವಿನ 13 ಮಾತ್ರ ಅಲ್ಲೂ ಇಲ್ಲ.