ನಿಧಿಯ ದ್ವೀಪ ಕಾವೇರಿಗೆ ಬರಬೇಕೆ?

ಆರ್.ಎಲ್. ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ (ಕಡಲ್ಗಳ್ಳರ ನಿಧಿ ಹುಡುಕಿ ದ್ವೀಪಕ್ಕೆ ಹೋಗುವ ಹುಡುಗನ ಕಾದಂಬರಿ) ಮಕ್ಕಳ ನಾಟಕವಾಗುವಾಗ ಕಡಲನ್ನು ಬಿಟ್ಟು ಶ್ರೀರಂಗಪಟ್ಟಣದ ಹೊಳೆಗೆ ಇಳಿಯಬಹುದೆ? ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಬರೆದಿದ್ದಾರೆ.

ಪರ
(ಮೈಸೂರಿನಲ್ಲಿ ಬೇಸಿಗೆ ಶಿಬಿರದ ನಾಟಕ ಮಾಡಿಸುವವರು)

ಒಂಟಿಕಾಲಿನ ಕಡಲ್ಗಳ್ಳ ಜಾನ್ ಸಿಲ್ವರನ ಹೆಗಲ ಮೇಲೆ ಕೂತ ಗಿಣಿ ಮೂಲದಲ್ಲಿ ‘ಪೀಸಸ್ ಆಫ್ ಎಯ್ಟ್’ ಎಂದು ಕಿರುಚುತ್ತದೆ. ಅದು ಸ್ಪೇನಿನ ಬೆಳ್ಳಿ ನಾಣ್ಯ, ಒಂದಕ್ಕೆ ಎಂಟು ರಿಯಾಲ್. ಶಿಬಿರದ ಎರಡನೇ ವಾರ ಇದನ್ನು ಮಕ್ಕಳಿಗೆ ತಿಳಿಸಿ ಹೇಳಲು ನಾನು ಒದ್ದಾಡುತ್ತಿದ್ದಾಗ, ಗಿಣಿಯ ಪಾತ್ರದ ಹುಡುಗಿ ಕತ್ತು ಕೊಂಕಿಸಿ ‘ಎಂಟಾಣೆ! ಎಂಟಾಣೆ!’ ಎಂದು ಕೂಗಿಬಿಟ್ಟಳು. ಅವಳ ಅಜ್ಜಿ ಈಗಲೂ ಐವತ್ತು ಪೈಸೆಯನ್ನು ಎಂಟಾಣೆ ಅಂತಲೇ ಅನ್ನುವುದಂತೆ. ಒಂದು ನಿಮಿಷದಲ್ಲಿ ತಾಲೀಮಿನ ಕೊಠಡಿ ತುಂಬ ಗಿಣಿಗಳು. ಅಲ್ಲಿಯವರೆಗೆ ಅದು ನಾನು ಬರೆದುಕೊಟ್ಟು ಮಕ್ಕಳು ಉರು ಹೊಡೆದ ಮಾತು. ಆ ದಿನದಿಂದ ಅದು ಅವರ ನಾಟಕ.

ಕಥೆಯನ್ನು 1799ರ ಮೇ 4ರ ಆಚೆಗೆ ತಂದೆವು. ಕೋಟೆ ಬಿದ್ದಿದೆ, ಟಿಪ್ಪು ಇಲ್ಲ, ಕಂಪನಿಯ ಸೈನಿಕರು ಊರನ್ನು ಲೂಟಿ ಮಾಡಿದ್ದಾರೆ. ಆ ಗಲಾಟೆಯಲ್ಲಿ ಯಾರೋ ಹೊತ್ತೊಯ್ದ ಪೆಟ್ಟಿಗೆಯೊಂದು ಹೊಳೆ ನಡುವಿನ ತಿಟ್ಟಿನಲ್ಲಿ ಹೂತುಹೋಗಿದೆ. ಪೆಟ್ಟಿಗೆ ನಮ್ಮ ಕಟ್ಟುಕಥೆ, ಉಳಿದದ್ದು ಇತಿಹಾಸ. ಕಥೆ ಹೇಳುವ ಹುಡುಗ ಜಿಮ್ ಹಾಕಿನ್ಸ್ ‘ಜವರ’ನಾದ. ಅವನ ಅವ್ವ ಗಂಜಾಮಿನ ದಾರಿಯಲ್ಲಿ ಊಟದ ಮನೆ ನಡೆಸುವವಳು. ಸೇಬಿನ ಪೀಪಾಯಿಯೊಳಗೆ ಅಡಗಿ ಕಳ್ಳರ ಸಂಚು ಕೇಳಿಸಿಕೊಳ್ಳುವ ಹುಡುಗ ನಮ್ಮಲ್ಲಿ ರಾಗಿ ವಾಡೆಯೊಳಗೆ ಕೂತ. ದ್ವೀಪದಲ್ಲಿ ಮೂರು ವರ್ಷ ಒಂಟಿಯಾಗಿ ಬಿದ್ದಿದ್ದ ಬೆನ್ ಗನ್ ಮೂಲದಲ್ಲಿ ಒಂದು ಚೂರು ಚೀಸ್‌ಗೆ ಹಂಬಲಿಸುತ್ತಾನೆ. ನಮ್ಮವನು ‘ಒಂದ್ ಮುದ್ದೆ, ಒಸಿ ಉಪ್ಸಾರು ಇದ್ದದಾ ಕೂಸೇ?’ ಎಂದಾಗ ಹಿಂದಿನ ಸಾಲಿನ ಅಜ್ಜಂದಿರಿಗೂ ಆ ಮೂರು ವರ್ಷದ ಹಸಿವು ಹೊಟ್ಟೆಗೆ ತಟ್ಟಿತು.

ಹೊಳೆಯಲ್ಲಿ ಹಡಗೆಲ್ಲಿ ಎಂದು ಕೇಳುವವರು ಪುಸ್ತಕವನ್ನು ಇನ್ನೊಮ್ಮೆ ತೆಗೆದು ನೋಡಲಿ. ಬೆನ್ ಗನ್ ಮರದ ಚೌಕಟ್ಟಿಗೆ ಆಡಿನ ಚರ್ಮ ಹೊದಿಸಿ ಮಾಡಿಕೊಂಡ ಪುಟ್ಟ ದೋಣಿಯನ್ನು ಸ್ಟೀವನ್‌ಸನ್ ಕರೆದದ್ದೇ ‘ಕೊರಾಕಲ್’ ಎಂದು. ಅಂದರೆ ಹರಿಗೋಲು. ಹೇಳಿದ ಕಡೆ ಹೋಗದೆ ಸುತ್ತುತ್ತಲೇ ಇರುವ ಅದರ ಹಟವನ್ನೂ ಬರೆದಿದ್ದಾನೆ. ನಾವು ಬಿದಿರು ಬಗ್ಗಿಸಿ ದೊಡ್ಡದೊಂದು ಬಳೆ ಕಟ್ಟಿದೆವು. ನಾಲ್ಕು ಮಕ್ಕಳು ಅದನ್ನು ಸೊಂಟದ ಮಟ್ಟಕ್ಕೆ ಹಿಡಿದು ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತ ತಿರುಗುತ್ತಾರೆ, ನಡುವೆ ಒಬ್ಬ ಹುಟ್ಟು ಹಾಕುತ್ತಾನೆ. ತಮಟೆ ಜೋರಾದಂತೆ ಹರಿಗೋಲು ಸುಳಿಗೆ ಸಿಕ್ಕುತ್ತದೆ, ತಮಟೆ ನಿಂತರೆ ಸುಳಿ ಬಿಟ್ಟಿತು. ನೀಲಿ ಬಟ್ಟೆಯ ಅಲೆ, ಥರ್ಮಕೋಲಿನ ಹಡಗು ಯಾವುದೂ ಬೇಕಾಗಲಿಲ್ಲ.

ಹೀಗೆ ಒಗ್ಗಿಸಿಕೊಳ್ಳುವುದು ನಮ್ಮ ಊರಿಗೆ ಹೊಸದೂ ಅಲ್ಲ. ಬಸವಪ್ಪ ಶಾಸ್ತ್ರಿಗಳು ಒಥೆಲೋವನ್ನು ‘ಶೂರಸೇನ ಚರಿತ್ರೆ’ ಮಾಡಿದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. ಕುವೆಂಪು ಹ್ಯಾಮ್ಲೆಟ್‌ನನ್ನು ಬಿದನೂರಿಗೆ ಕರೆತಂದು ‘ರಕ್ತಾಕ್ಷಿ’ ಬರೆದರು. ಬ್ರೌನಿಂಗನ ಹ್ಯಾಮೆಲಿನ್ ಪಟ್ಟಣ ಅವರ ಕೈಯಲ್ಲಿ ತುಂಗೆಯ ದಡದ ಬೊಮ್ಮನಹಳ್ಳಿಯಾಯಿತು. ಕಿಂದರಿಜೋಗಿ ಜರ್ಮನಿಯಿಂದ ಬಂದವನೆಂದರೆ ಇವತ್ತು ಯಾವ ಮಗು ನಂಬುತ್ತದೆ? 1989ರಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಟ್ಯಾಗೋರರ ಗಿಣಿಯ ಕಥೆಯನ್ನು ‘ಪಂಜರ ಶಾಲೆ’ ಮಾಡಿ ಮಕ್ಕಳಿಂದ ಹಾಡಿಸಿದರು. ಸ್ಟೀವನ್‌ಸನ್ ಮಾತ್ರ ಬಾಗಿಲಾಚೆ ನಿಲ್ಲಬೇಕೆ?

ಆದರೆ ನಾನು ಈ ಕಥೆಗೆ ಗಂಟುಬಿದ್ದದ್ದು ಜವರನ ಅವ್ವನಿಗಾಗಿ. ಅವಳ ಮನೆಯಲ್ಲಿ ತಂಗಿದ್ದು ಬಾಕಿ ಉಳಿಸಿ ಸತ್ತ ಮುದುಕನ ಪೆಟ್ಟಿಗೆ ಬಾಯಿ ತೆರೆದು ಕೂತಿದೆ. ಕಳ್ಳರು ಯಾವ ಗಳಿಗೆಯಲ್ಲಾದರೂ ಬಾಗಿಲಿಗೆ ಬರುತ್ತಾರೆ. ಅವಳು ಒಂದೊಂದೇ ನಾಣ್ಯ ಎಣಿಸುತ್ತಿದ್ದಾಳೆ. ತನಗೆ ಸಲ್ಲಬೇಕಾದ ಬಾಕಿ ಬೇಕು, ಅದಕ್ಕಿಂತ ಒಂದು ಕಾಸು ಬೇಡ. ನಾಣ್ಯಗಳೋ ನಾನಾ ದೇಶದವು, ಲೆಕ್ಕ ಹತ್ತುವುದಿಲ್ಲ. ಮಗ ಕೈ ಹಿಡಿದು ಜಗ್ಗಿದರೂ ಏಳುವುದಿಲ್ಲ. ಇದಿಷ್ಟೂ ಮೂಲದಲ್ಲೇ ಇದೆ. ನಾವು ಸೇರಿಸಿದ್ದು ವರಾಹ, ಹಣ, ರೂಪಾಯಿಗಳನ್ನು, ಮತ್ತು ಒಂದು ಸೆರಗಿನ ಗಂಟನ್ನು. ‘ನಂಗ್ ಬರ್ಬೇಕಾದ್ದು ಬಂದ್ರೆ ಸಾಕು ಕನ್ಲಾ, ಇನ್ನೊಬ್ಬರ ದುಡ್ಡು ನಂಗ್ಯಾಕ್ಲಾ?’ ಎಂದು ಆ ಹುಡುಗಿ ಗಂಟು ಬಿಗಿಯುವಾಗ ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ನಿಧಿಯ ಕಥೆ ಮಕ್ಕಳಲ್ಲಿ ದುರಾಸೆ ಬೆಳೆಸುತ್ತದೆ ಎನ್ನುವವರಿದ್ದಾರೆ. ಅವರು ಈ ದೃಶ್ಯವೊಂದನ್ನು ನೋಡಬೇಕು. ನಾಟಕ ನೋಡಿ ಗುದ್ದಲಿ ಹಿಡಿದು ಹೊರಟ ಮಗು ಎಲ್ಲಿದೆ? ಲಂಕಾದಹನ ಆಡಿದ ಮಕ್ಕಳು ಊರಿಗೆ ಬೆಂಕಿ ಇಟ್ಟಿದ್ದಾರೆಯೇ?

ಮೂಲದಲ್ಲಿ ಈ ತಾಯಿಯನ್ನು ಬಿಟ್ಟರೆ ಹೆಂಗಸರೇ ಇಲ್ಲವೆನ್ನಬಹುದು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರಿನಲ್ಲಿ ಸ್ಟೀವನ್‌ಸನ್ ಮಲಮಗನ ಜೊತೆ ಕೂತು ದ್ವೀಪದ ನಕ್ಷೆ ಬರೆದು, ಅದರಿಂದಲೇ ಕಥೆ ಹೆಣೆದ. ಕಥೆಯಲ್ಲಿ ಹೆಂಗಸರು ಇರಕೂಡದೆಂಬುದು ಆ ಹುಡುಗನ ಅಪ್ಪಣೆ. ನಮ್ಮ ಶಿಬಿರದ 22 ಮಕ್ಕಳಲ್ಲಿ 13 ಹುಡುಗಿಯರು. ಜವರನೂ ಹುಡುಗಿ, ಸಿಲ್ವರನೂ ಹುಡುಗಿ. ಊರುಗೋಲು ಉಜ್ಜಿ ಉಜ್ಜಿ ಸಿಲ್ವರನ ಕಂಕುಳು ಕೆಂಪಾಗಿತ್ತು. ಅದರ ತುದಿಗೆ ಬಟ್ಟೆ ಸುತ್ತಿಕೊಡುತ್ತೇನೆಂದರೆ ಕೊನೆಯ ಪ್ರದರ್ಶನದವರೆಗೂ ಬಿಡಲಿಲ್ಲ. ‘ಅವ್ನಿಗೆ ನೋಯ್ತಿತ್ತು ತಾನೆ ಸಾರ್’ ಎಂದಳು.

ವಿರೋಧ
(ಮಂಡ್ಯದ ನಿವೃತ್ತ ಶಾಲಾ ಶಿಕ್ಷಕರು)

ವಿರೋಧ ಬರೆದುಕೊಡಿ ಎಂದು ಕೇಳಿದರು, ಒಪ್ಪಿದೆ. ಮಕ್ಕಳು ಬಣ್ಣ ಹಚ್ಚುವುದು ಬೇಡವೆನ್ನುವ ಮನಸ್ಸು ನನಗಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಎಷ್ಟೋ ವರ್ಷ ನಾನೇ ನಾಟಕ ಮಾಡಿಸಿದ್ದೇನೆ. ಈ ನಾಟಕವನ್ನೂ ನೋಡಿದೆ, ಮಕ್ಕಳು ಚೆನ್ನಾಗಿ ಮಾಡಿದರು. ನನ್ನ ತಕರಾರು ಕಡಲನ್ನು ಹೊಳೆ ಮಾಡಿದ್ದರ ಬಗ್ಗೆ.

ಆ ಕಥೆ ನಡೆಯುವುದೇ ಉಬ್ಬರ ಇಳಿತದ ಮೇಲೆ. ಜಿಮ್ ರಾತ್ರಿ ಹೋಗಿ ಹಡಗಿನ ಲಂಗರಿನ ಹಗ್ಗ ಕೊಯ್ಯುತ್ತಾನೆ, ಇಳಿತದ ಸೆಳೆತ ಹಡಗನ್ನೂ ಅವನನ್ನೂ ಒಯ್ಯುತ್ತದೆ. ಹೊಳೆಯಲ್ಲಿ ಇಳಿತ ಎಲ್ಲಿಂದ ತರುವುದು? ಅದೇ 1799ರ ಮೇ 4ರ ನಡುಮಧ್ಯಾಹ್ನ ಕಂಪನಿಯ ಪಡೆ ಕಾವೇರಿಯನ್ನು ಕಾಲ್ನಡಿಗೆಯಲ್ಲಿ ದಾಟಿ ಕೋಟೆಗೆ ನುಗ್ಗಿತ್ತು. ಬೇಸಿಗೆಯ ಹೊಳೆ ಅಷ್ಟೇ. ದಡ ಕಾಣದ ಭಯ ಅಲ್ಲಿ ಹುಟ್ಟುವುದಿಲ್ಲ. ನಮ್ಮ ಮಂಡ್ಯದ ಮಕ್ಕಳು ಹೊಳೆ, ನಾಲೆ ದಿನಾ ನೋಡುತ್ತಾರೆ. ನೋಡದ ಕಡಲನ್ನು ಕಣ್ಣ ಮುಂದೆ ತರುವುದಕ್ಕಲ್ಲವೆ ಕಥೆ ಬೇಕಾಗಿರುವುದು? ಸೇಬು ತೆಗೆದು ರಾಗಿ, ಚೀಸ್ ತೆಗೆದು ಮುದ್ದೆ ಇಟ್ಟರೆ ಅಡುಗೆ ಬದಲಾಯಿತು, ಅಷ್ಟೆ. ಕುವೆಂಪು ಮಾಡಿಲ್ಲವೆ ಎಂದು ಕೇಳುತ್ತಾರೆ. ಕುವೆಂಪು ಮಾಡಿದ್ದು ಎಲ್ಲರ ಕೈಗೂ ಬರುವಂಥದ್ದಲ್ಲ. ಆ ಮಾತನ್ನು ಇಲ್ಲಿಗೆ ಬಿಡುತ್ತೇನೆ.

ನನಗೆ ನಿಜವಾಗಿ ಸಂಕಟವಾಗಿದ್ದು ಬೇರೆ. ದ್ವೀಪ ಎಲ್ಲಿದೆ ಎಂಬುದನ್ನು ಜಿಮ್ ಕಥೆಯ ಮೊದಲ ವಾಕ್ಯದಲ್ಲೇ ಮುಚ್ಚಿಡುತ್ತಾನೆ. ಅಲ್ಲಿ ಇನ್ನೂ ತೆಗೆಯದ ನಿಧಿ ಉಳಿದಿದೆ, ಅದಕ್ಕೆ. ನಾಟಕದವರು ಅದನ್ನು ಬಸ್ಸಿನಲ್ಲಿ ಹೋಗಿ ಇಳಿಯಬಹುದಾದ ಜಾಗಕ್ಕೆ ತಂದಿಟ್ಟರು. ನಮ್ಮ ಸೀಮೆಯಲ್ಲಿ ನಿಧಿ ಎಂದರೆ ಕಥೆಯಲ್ಲ. ಹಾಳುಗುಡಿಯ ಗರ್ಭಗುಡಿ ಅಗೆಯುತ್ತಾರೆ, ವೀರಗಲ್ಲು ಕೀಳುತ್ತಾರೆ.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಏಳನೇ ತರಗತಿಯ ಮಕ್ಕಳನ್ನು ಊರಾಚೆಯ ಹಳೆಯ ಈಶ್ವರನ ಗುಡಿಗೆ ಹೊರಸಂಚಾರಕ್ಕೆ ಕರೆದುಕೊಂಡು ಹೋದೆ. ಬುತ್ತಿ ಕಟ್ಟಿಸಿಕೊಂಡು ಕಬ್ಬಿನ ಗದ್ದೆಗಳ ಬದುವಿನ ಮೇಲೆ ಸಾಲಾಗಿ ನಡೆದು ಹೋದೆವು. ಗುಡಿಯ ಮುಂದಿನ ಬಸವಣ್ಣನ ಬೆನ್ನೇರಿ ಕೂರುವುದೆಂದರೆ ಆ ಮಕ್ಕಳಿಗೆ ಪ್ರಾಣ. ಹೋಗಿ ನೋಡಿದರೆ ಬಸವಣ್ಣ ಮಗ್ಗುಲಾಗಿ ಬಿದ್ದಿದ್ದಾನೆ. ಅವನು ಕೂತಿದ್ದ ಜಾಗದಲ್ಲಿ ಎದೆಮಟ್ಟದ ಗುಂಡಿ. ಗುಂಡಿಯ ಬಾಯಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಕೋಳಿಪುಕ್ಕ, ಒಂದು ಮುರಿದ ಹಾರೆ. ಬಸವಣ್ಣನ ಬಲಗಡೆಯ ಕೊಂಬು ಹಾರಿಹೋಗಿತ್ತು. ಅದರ ಚೂರುಗಳನ್ನು ಮಕ್ಕಳು ಆರಿಸಿ ನನ್ನ ಟವೆಲ್ಲಿನಲ್ಲಿ ಹಾಕಿದರು. ಆ ದಿನ ಬುತ್ತಿ ಬಿಚ್ಚಿ ಉಣ್ಣಲು ನನಗಾಗಲಿಲ್ಲ.

ದೂರು ಕೊಟ್ಟೆವು. ಯಾರೂ ಸಿಕ್ಕಲಿಲ್ಲ. ಊರಿನವರು ಚೈನು ಹಾಕಿ ಟ್ರಾಕ್ಟರಿನಿಂದ ಬಸವಣ್ಣನನ್ನು ಎತ್ತಿ ಕೂರಿಸಿದರು. ಮೊದಲು ಕೂತಿದ್ದಂತೆ ಕೂರಲಿಲ್ಲ, ಈಗಲೂ ಸ್ವಲ್ಪ ಎಡಕ್ಕೆ ವಾಲಿದ್ದಾನೆ. ಕೊಂಬಿನ ಚೂರು ಅಂಟಿಸುವುದು ಸಾಧ್ಯವಾಗಲಿಲ್ಲ, ನಮ್ಮ ಮನೆಯಲ್ಲೇ ಇದೆ.

ಎಣಿಸಿ ಗಂಟು ಕಟ್ಟುವ ಆ ತಾಯಿಯ ದೃಶ್ಯಕ್ಕೆ ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ. ಆದರೆ ಅವತ್ತು ಗುಡಿಯಿಂದ ಹಿಂದಿರುಗುವಾಗ ದಾರಿಯುದ್ದಕ್ಕೂ ಮಕ್ಕಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಸಿಕ್ತಂತಾ ಸಾರ್?’ ಮಾರನೆಯ ದಿನ ಒಬ್ಬ ಹುಡುಗ, ತರಗತಿಯಲ್ಲಿ ಎಲ್ಲರಿಗಿಂತ ಮೆತ್ತಗಿನವನು, ಕಾಪಿ ಪುಸ್ತಕದ ಹಾಳೆ ಹರಿದು ಬರೆದುಕೊಂಡು ಬಂದಿದ್ದನ್ನು ನನ್ನ ಮೇಜಿನ ಮೇಲಿಟ್ಟ. ನಮ್ಮೂರಿನ ನಕ್ಷೆ. ಕೆರೆ, ಶಾಲೆ, ಕಬ್ಬಿನ ಗದ್ದೆ, ಗುಡಿ ಎಲ್ಲವೂ ಇದ್ದವು, ಗುಡಿಯ ಹಿಂದಿನ ಅರಳಿಮರದ ಬುಡದಲ್ಲಿ ಕೆಂಪು ಶಾಯಿಯ ಒಂದು ಗುಣಾಕಾರದ ಗುರುತು.