‘ನೇ’ ಅಂದರೆ ಹೌದು, ಅಂಗೈ ಅಂದರೆ ಜಗಳ

ಗ್ರೀಕ್ ಕಲಿಯಲು ಕೂತ ಕನ್ನಡಿಗರು ಮೊದಲು ಹೆದರುವುದು ವಿಭಕ್ತಿಗೆ. ಸುಮ್ಮನೆ ಹೆದರಿಕೆ. ಸ್ಕೂಲಿನಲ್ಲಿ ಉ, ಅನ್ನು, ಇಂದ, ಗೆ ಎಂದು ಉರುಹೊಡೆದವರಿಗೆ ಇವತ್ತಿನ ಗ್ರೀಕಿನ ನಾಲ್ಕು ವಿಭಕ್ತಿ ಯಾವ ಲೆಕ್ಕ? ಎಡವಟ್ಟಾಗುವುದು ‘ಹೌದು’, ‘ಇಲ್ಲ’ಗಳ ಹತ್ತಿರ.

ಹೌದಿಗೆ ‘ನೇ’. ಹಿಂದಿ ಕಿವಿಗೆ ಬಿದ್ದವರಿಗೆಲ್ಲ ಅದು ನಕಾರ. ಇಲ್ಲ ಅನ್ನಲು ‘ಓಹಿ’, ಅದು ನಮ್ಮ ‘ಓಹೋ’ದ ತಮ್ಮನ ಹಾಗೆ ಕೇಳುತ್ತದೆ. ಇದಾದರೂ ವಾರದಲ್ಲಿ ಅಭ್ಯಾಸವಾದೀತು. ಬಾಯಿ ತೆರೆಯದೆಯೇ ಇಲ್ಲ ಅನ್ನುವ ಅಂಗಡಿಯವರ ಜೊತೆ ಏಗುವುದು ಕಷ್ಟ. ಅವರು ಹುಬ್ಬೇರಿಸಿ, ಗದ್ದ ಒಮ್ಮೆ ಮೇಲಕ್ಕೆತ್ತಿ, ‘ತ್ಚ್’ ಎಂದು ಲೊಚಗುಟ್ಟುತ್ತಾರೆ. ನಮ್ಮಲ್ಲಿ ಗದ್ದ ಎತ್ತಿದರೆ ‘ಏನು ಬೇಕು?’ ಎಂದರ್ಥ ತಾನೆ? ಗಿರಾಕಿ ಇನ್ನೊಮ್ಮೆ ‘ಹಾಲು’ ಅನ್ನುತ್ತಾರೆ. ಮತ್ತೆ ಗದ್ದ ಮೇಲೆ. ಇನ್ನೂ ಬಿಡಿಸಿ, ಗಟ್ಟಿಯಾಗಿ, ‘ಹಾ-ಲು’. ಹಾಲು ಖಾಲಿಯಾಗಿದೆ ಮಾರಾಯರೇ, ಮುಂದಿನ ಅಂಗಡಿಗೆ ಹೋಗಿ.

ಇದಕ್ಕಿಂತ ದೊಡ್ಡ ಅಪಾಯ ಐದು ಎಂಬ ಸಂಖ್ಯೆಯಲ್ಲಿದೆ. ‘ಪೇಂದೆ’ ಎಂಬ ಪದ ನೆನಪಾಗದೆ ಐದು ಬೆರಳು ಬಿಡಿಸಿ ಅಂಗೈಯನ್ನು ಎದುರಿನವರ ಮುಖಕ್ಕೆ ಹಿಡಿದರೆ ಅದು ‘ಮೂಂದ್ಜ’, ಗ್ರೀಸಿನಲ್ಲಿ ಶುದ್ಧ ಬೈಗುಳ. ಎರಡೂ ಕೈ ಸೇರಿಸಿ ಹತ್ತು ತೋರಿಸಿದರೆ ಬೈಗುಳವೂ ದುಪ್ಪಟ್ಟು. ‘ಸ್ವಲ್ಪ ನಿಲ್ಲಿ’ ಎಂದು ಕಾರಿನವರಿಗೆ ಕೈ ಅಡ್ಡ ಹಿಡಿಯುವ ನಮ್ಮ ರಸ್ತೆ ದಾಟುವ ವಿದ್ಯೆಯನ್ನೂ ಅಲ್ಲಿ ಮರೆಯುವುದು ಲೇಸು. ಐದು ತೋರಿಸಲೇಬೇಕಿದ್ದರೆ ಅಂಗೈ ನಿಮ್ಮ ಕಡೆಗಿರಲಿ.

ಇನ್ನು ಒತ್ತು, ಅಂದರೆ ಪದದಲ್ಲಿ ಯಾವ ಸ್ವರವನ್ನು ಒತ್ತಿ ಹೇಳಬೇಕು ಎಂಬುದು. ಕನ್ನಡದಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ಅರ್ಥ ಕೆಡುತ್ತದೆ. ಗ್ರೀಕಿನಲ್ಲಿ ಒತ್ತು ತಪ್ಪಿದರೆ. ‘ಪೋತೆ’ ಅಂದರೆ ಯಾವಾಗ, ‘ಪೊತೇ’ ಅಂದರೆ ಎಂದಿಗೂ ಇಲ್ಲ. ಬಸ್ ಯಾವಾಗ ಬರುತ್ತದೆ ಎಂದು ಕೇಳಲು ಹೋಗಿ, ಎಂದಿಗೂ ಬರುವುದಿಲ್ಲವೆಂದು ನಿಲ್ದಾಣದವರಿಗೆಲ್ಲ ಭವಿಷ್ಯ ನುಡಿದಂತಾಗುತ್ತದೆ. ‘ಓಮೊಸ್’ ಭುಜ, ‘ಒಮೋಸ್’ ಹಸಿಯಾದದ್ದು, ಬೇಯದ್ದು; ಡಾಕ್ಟರ ಮುಂದೆ ಇವೆರಡನ್ನು ಅದಲುಬದಲು ಮಾಡಬೇಡಿ. ಪರಿಹಾರ ನಮ್ಮ ಲಿಪಿಯಲ್ಲೇ ಇದೆ: ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ, ಉಳಿದದ್ದನ್ನು ಹ್ರಸ್ವವಾಗಿ ಬರೆದುಕೊಂಡು ಓದಿ. ಕಲಿಮೇರ, ಶುಭೋದಯ. (ಕಲಮಾರಿ ಅಂದರೆ ಮೀನಂಗಡಿಯ ಬೊಂಡಾಸು. ಬೆಳಿಗ್ಗೆ ಬೆಳಿಗ್ಗೆ ಪಕ್ಕದ ಮನೆಯವರಿಗೆ ನಗುನಗುತ್ತಾ ‘ಬೊಂಡಾಸು!’ ಅಂದ ಹೊಸಬರು ಬಹಳ.) ಧನ್ಯವಾದಕ್ಕೆ ಎಫ್‌ಹರಿಸ್ತೋ: ನಡುವೆ ಹರಿ, ಕೊನೆಗೆ ಸ್ತೋತ್ರದ ಸ್ತೋ. ಮರೆಯುವ ಮಾತೇ ಇಲ್ಲ.

ಬರವಣಿಗೆ ಮಾತ್ರ ನಿಜಕ್ಕೂ ರಗಳೆ. ಒಂದೇ ‘ಇ’ ಉಚ್ಚಾರಕ್ಕೆ ಆರು ಬಗೆಯ ಬರಹ. ಶಾಂತಿ ಎಂಬರ್ಥದ ‘ಇರೀನಿ’ಯಲ್ಲಿ ಮೂರು ಇಕಾರ; ಮೊದಲನೆಯದನ್ನು ಎಪ್ಸಿಲಾನ್, ಅಯೋಟಾ ಜೋಡಿಸಿ ಬರೆಯಬೇಕು, ಉಳಿದೆರಡಕ್ಕೆ ಈಟಾ. ಶಾಂತಿಗೇ ಇಷ್ಟು ಅಶಾಂತಿ. ‘ಬಿ’ಯಂತೆ ಕಾಣುವ ಅಕ್ಷರ ‘ವ’ ಆಗಿಬಿಟ್ಟಿರುವುದರಿಂದ ಬೆಂಗಳೂರಿನ ‘ಬ’ ಬರೆಯಲು ಮಿ (ಮ), ಪಿ (ಪ) ಎರಡೂ ಅಕ್ಷರ ಬೇಕು. ಅರ್ಧವಿರಾಮದ ಚಿಹ್ನೆಯೇ (;) ಅವರಿಗೆ ಪ್ರಶ್ನಾರ್ಥಕ.

ವ್ಯಾಕರಣದಲ್ಲಿ ನಮಗೆ ಸಲುಗೆ ಸಿಗುವುದು ನಿಜ. ‘ಮು ಅರೇಸಿ’ ಅಂದರೆ ನೇರವಾಗಿ ‘ನನಗೆ ಇಷ್ಟ’. ಇಂಗ್ಲಿಷಿನವರು ತಿಣುಕುವ ಜಾಗ ಇದು. ಆದರೆ ಇಷ್ಟವಾದದ್ದು ಒಂದಕ್ಕಿಂತ ಹೆಚ್ಚಿದ್ದರೆ ‘ಅರೇಸುನ್’ ಎನ್ನಬೇಕು. ನೀನು-ನೀವು ಭೇದವೂ ಉಂಟು. ಹುಡುಗಿ, ‘ಕೊರೀತ್ಸಿ’, ನಪುಂಸಕಲಿಂಗ. ‘ಹುಡುಗಿ ಬಂತು’ ಅನ್ನುವ ಊರಿನವರಿಗೆ ಅದೇನು ಹೊಸದಲ್ಲ. ಕುರ್ಚಿ ಹೆಣ್ಣು, ಕಾಫಿ ಗಂಡು ಎಂಬುದನ್ನು ಮಾತ್ರ ಉರುಹೊಡೆಯಬೇಕು. ‘ಒಸ್’ನಲ್ಲಿ ಕೊನೆಯಾದರೆ ಗಂಡು ಎಂಬ ಸೂತ್ರ ಸಾಮಾನ್ಯವಾಗಿ ನಡೆಯುತ್ತದೆ, ರಸ್ತೆ ಎಂಬರ್ಥದ ‘ಒದೋಸ್’ ಬಂದು ತಾನು ಹೆಣ್ಣು ಅನ್ನುವವರೆಗೆ. ಕರೆಯುವಾಗ ಯೋರ್ಗೊಸ್ ಎಂಬವರು ಯೋರ್ಗೊ ಆಗುತ್ತಾರೆ. ಸಕಾರ ಬಿಡದೆ ಕೂಗಿದರೆ ‘ರಾಮನು, ಇಲ್ಲಿ ಬಾ’ ಅಂದಂತೆ.

ಕಾಫಿ ಹೇಳುವಾಗಲೂ ಇದೇ ಸಕಾರ ಬೀಳಬೇಕು. ಒಂದು ಚಮಚ ಸಕ್ಕರೆಯ ಕಾಫಿಯ ಹೆಸರು ‘ಮೇತ್ರಿಯೊಸ್’, ಕೇಳುವುದು ‘ಏನನ್ ಮೇತ್ರಿಯೊ, ಪರಕಲೋ’ (ಒಂದು ಮೇತ್ರಿಯೊ, ದಯವಿಟ್ಟು). ದ್ವಿತೀಯಾ ವಿಭಕ್ತಿ, ನಮ್ಮ ‘ಅನ್ನು’ವಿನ ನಕಾರ ಅಲ್ಲಿ ‘ಏನನ್’ನ ತುದಿಯಲ್ಲಿ ಕೂತಿದೆ ಅಂದುಕೊಳ್ಳಿ. ಸಕ್ಕರೆ ಆಮೇಲೆ ಹಾಕಿಕೊಳ್ಳುತ್ತೇನೆ ಎಂಬ ಮಾತು ಅಲ್ಲಿ ನಡೆಯದು. ಗ್ರೀಕ್ ಕಾಫಿಯಲ್ಲಿ ಪುಡಿ, ನೀರು, ಸಕ್ಕರೆ ಮೂರೂ ‘ಬ್ರೀಕಿ’ ಎಂಬ ಪುಟ್ಟ ಹಿಡಿಪಾತ್ರೆಯಲ್ಲಿ ಒಟ್ಟಿಗೇ ಕಾಯುತ್ತವೆ, ಸೋಸುವ ಮಾತಿಲ್ಲ. ಲೋಟಕ್ಕೆ ಬಂದ ಮೇಲೆ ಕಲಕಿದರೆ ತಳದ ಚರಟವೆಲ್ಲ ಎದ್ದು ಬಾಯಿಗೆ ಬರುತ್ತದೆ. ಸಕ್ಕರೆ ಬೇಡದಿದ್ದರೆ ‘ಸ್ಕೇತೊ’, ಒಂದು ಚಮಚಕ್ಕೆ ‘ಮೇತ್ರಿಯೊ’, ಸಿಹಿಗೆ ‘ಗ್ಲಿಕೋ’. ಟರ್ಕಿ ಕಾಫಿ ಕೊಡಿ ಅಂತ ಮಾತ್ರ ಕೇಳಬೇಡಿ. ಲೋಟದಲ್ಲಿರುವುದು ಹೆಚ್ಚುಕಡಿಮೆ ಅದೇ ಆದರೂ ಆ ಹೆಸರಿಗೆ ಮುಖ ಗಂಟಾಗುತ್ತದೆ. ಕೊನೆಯ ಗುಟುಕು ಲೋಟದಲ್ಲೇ ಉಳಿಯಲಿ, ಅದು ಬರೀ ಚರಟ.